ಮಂಡಲದ ಪಾಲು

ಮಾಘದ ಚಳಿ ಬೆನ್ನು ಬಿಟ್ಟಿತ್ತು, ಬಿಸಿಲಿಗಿನ್ನೂ ಬಲ ಬಂದಿರಲಿಲ್ಲ. ಡೋಣಿ ಸೀಮೆಯ ಎರೆ ಹೊಲಗಳಲ್ಲಿ ಬಿಳಿಜೋಳ ಮಾಗಿ ನಿಂತಿತ್ತು. ಇಬ್ಬನಿ ಆರುವುದರೊಳಗೆ ಕೀಳಲು ಶುರು ಹಚ್ಚಿದರೆ ರವದಿ ಮೈ ಕೊರೆಯುವುದಿಲ್ಲ. ದಂಟಿನ ಒಣಗಿದ ಗರಿಗೆ ಅಲ್ಲಿಯವರು ರವದಿ ಅನ್ನುತ್ತಾರೆ. ಬಿಸಿಲೇರಿದ ಮೇಲೆ ಅದರ ಅಂಚು ಬ್ಲೇಡಿನ ಹಾಗೆ. ಹಾಗಾಗಿ ಅಣ್ಣಾರಾಯನ ಹದಿನಾರು ಎಕರೆಗೆ ಹನ್ನೊಂದು ಮಂದಿ ಹೆಂಗಸರು ಹೊತ್ತು ಮೂಡುವ ಮೊದಲೇ ಇಳಿದಿದ್ದರು. ಬುತ್ತಿಗಂಟುಗಳು ಬದುವಿನ ಬನ್ನಿಗಿಡಕ್ಕೆ ಜೋತುಬಿದ್ದಿದ್ದವು. ಕಿತ್ತ ಜೋಳವನ್ನು ಸೂಡು ಕಟ್ಟಿ ಹಿಂದೆ ಮಲಗಿಸುತ್ತ ಸಾಲು ಸಾಲಾಗಿ ಮುಂದೆ ಹೋಗುತ್ತಿದ್ದರು.

ಮೊದಲ ಸಾಲಿನಲ್ಲಿ ತಂಗೆವ್ವ, ಅವಳ ಪಕ್ಕದ ಸಾಲಿನಲ್ಲಿ ಸಾವಕ್ಕ. ಮೂವತ್ತು ವರ್ಷದಿಂದ ಈ ಎರಡು ಸಾಲು ಹೀಗೆಯೇ. ಈಗ ತಂಗೆವ್ವನಿಗೆ ಕೂಲಿಯ ಗರಜು ಇರಲಿಲ್ಲ. ಒಂಬತ್ತು ವರ್ಷದಿಂದ ಅವಳು ತಾಲೂಕು ಊರಿನಲ್ಲಿ ಪಗಾರದ ಕೆಲಸಕ್ಕಿದ್ದಳು. ಆದರೂ ಸುಗ್ಗಿ ಬಂದರೆ ಹದಿನೈದು ದಿನ ರಜೆ ಹಾಕಿ ಹೊಲಕ್ಕಿಳಿಯುತ್ತಿದ್ದಳು.

"ಕುರ್ಚಿ ಮ್ಯಾಲ ಕುಂತ ಕುಂತ ನಿನ್ನ ಸೊಂಟ ಬಗ್ಗೂದನ್ನ ಮರತೈತೇನಬೇ?" ಎಂದಳು ಸಾವಕ್ಕ.

"ನಿನ್ನ ಬಾಯಿ ಮಾತ್ರ ಏನೂ ಮರತಿಲ್ಲ ನೋಡು."

"ಬಾಯಿ ಮರತ್ರ ಹೊತ್ತ ಹೋಗೂದು ಹೆಂಗ? ಅದಿರ್ಲಿ, ಅಣ್ಣಾರಾಯ ಮೀಸಿಗೆ ಬಣ್ಣ ಹಚ್ಚ್ಯಾನ, ನೋಡೀರಿಲ್ಲ? ತಲಿಗೆ ಹಚ್ಚೂದ್ರೊಳಗ ಡಬ್ಬಿ ತೀರೇತಿ ಕಾಣ್ತೈತಿ."

ಹನ್ನೊಂದೂ ಸಾಲಿನಲ್ಲಿ ನಗೆ ಹರಿದಾಡಿತು. ಸಾವಕ್ಕ ತಾನೂ ನಗುತ್ತ ನಾಲ್ಕು ದಂಟಿನ ಬುಡಕ್ಕೆ ಕೈ ಹಾಕಿದಳು. "ಯವ್ವಾ" ಎಂದಳು. ಕೂಗಲಿಲ್ಲ, ಮುಳ್ಳು ಚುಚ್ಚಿದವರ ಹಾಗೆ ಅಂದಳು, ಅಷ್ಟೇ.

ತಂಗೆವ್ವ ತಿರುಗಿ ನೋಡಿದಳು. ಸಾವಕ್ಕನ ಬಲಗೈ ಮಣಿಕಟ್ಟಿನ ಮೇಲೆ ಎರಡು ಹನಿ ರಕ್ತ. ಅದರಿಂದ ಒಂದು ಗೇಣು ಆಚೆ, ಉದುರಿದ ರವದಿಯ ನಡುವೆ, ಕೊಳಕುಮಂಡಲ. ತೋಳಿನಷ್ಟು ದಪ್ಪ. ಮೈತುಂಬ ಮೂರು ಸಾಲು ಕಂದು ಸರಪಳಿ. ಒಣಗರಿಯ ಬಣ್ಣ, ಗರಿಯ ಕೆಳಗಿನ ನೆರಳಿನ ಬಣ್ಣ, ಬಿರಿದ ಎರೆ ಮಣ್ಣಿನ ಬಣ್ಣ, ಮೂರೂ ಅದರ ಮೈಮೇಲೇ ಇದ್ದವು. ಕಚ್ಚಿದ ಮೇಲೂ ಅದು ಅವಸರ ಮಾಡಲಿಲ್ಲ. ಸುತ್ತಿಕೊಂಡ ಮೈಯನ್ನು ಒಂದೊಂದೇ ಸುತ್ತು ಬಿಚ್ಚಿ ನೆಲದ ಬಿರುಕಿನೊಳಗೆ ಇಳಿದುಹೋಯಿತು. ಅಷ್ಟು ಹೊತ್ತೂ ಅದರಿಂದ ಒಂದು ಸದ್ದಿಲ್ಲ.

ಹತ್ತು ಮಾರು ದೂರದಲ್ಲಿ, ಹಾವಿನ ಸದ್ದು ಹಿಡಿಯಲೆಂದು ನೆಟ್ಟಿದ್ದ ಕಿವಿಗೂಟದ ದೀಪ ಹಸಿರಾಗಿಯೇ ಉರಿಯುತ್ತಿತ್ತು.

ಅಣ್ಣಾರಾಯನ ಜೀಪಿನಲ್ಲಿ ತಾಲೂಕು ಆಸ್ಪತ್ರೆಗೆ ನಲವತ್ತು ನಿಮಿಷ. ಡಾಕ್ಟರು ಸಾವಕ್ಕನ ಇನ್ನೊಂದು ಕೈಯಿಂದ ರಕ್ತ ತೆಗೆದು, ಒಂದು ಗಾಜಿನ ಕೊಳವೆಯಲ್ಲಿ ಹಾಕಿ ಮೇಜಿನ ಮೇಲೆ ನಿಲ್ಲಿಸಿ ಗಡಿಯಾರ ನೋಡಿದರು. ಇಪ್ಪತ್ತು ನಿಮಿಷ ಬಿಟ್ಟು ಕೊಳವೆ ಓರೆ ಮಾಡಿದರು. ರಕ್ತ ಹೆಪ್ಪುಗಟ್ಟಿರಲಿಲ್ಲ, ನೀರಿನ ಹಾಗೆ ಹರಿಯಿತು. "ಮಂಡಲಾನೇ," ಎಂದು ಮದ್ದು ಏರಿಸಲು ಹೇಳಿದರು.

ತಂಗೆವ್ವ ಹೊರಗಿನ ಬೆಂಚಿನ ಮೇಲೆ ಕೂತು ಬೆರಳನ್ನು ಕಿವಿಯ ಹತ್ತಿರ ತಂದು ತಿಕ್ಕಿ ನೋಡಿಕೊಂಡಳು. ಮೊದಲು ಬಲಗಿವಿ, ಆಮೇಲೆ ಎಡಗಿವಿ. ಎರಡು ಕೈ ದೂರದಲ್ಲಿ ಮಂಡಲವಿದ್ದು ತನಗೆ ಕೇಳಿಸಲಿಲ್ಲ ಅಂದರೆ ತನ್ನ ಕಿವಿ ಹೋಗಿದೆ. ಬೇರೆ ಯಾವ ಕಾರಣವೂ ಅವಳಿಗೆ ತೋಚಲಿಲ್ಲ.

*

ಆ ಸೀಮೆಯಲ್ಲಿ ಕೊಳಕುಮಂಡಲ ಹೊಸದಲ್ಲ. ಇಲಿ ಇದ್ದಲ್ಲಿ ಅದು; ಜೋಳ ಇದ್ದಲ್ಲಿ ಇಲಿ. ನಾಗರಹಾವಿನ ಹಾಗೆ ಅದು ಎದ್ದು ಓಡುವುದಿಲ್ಲ. ತನ್ನ ಮೈಬಣ್ಣವನ್ನು ನಂಬಿ ಬಿದ್ದಲ್ಲೇ ಬಿದ್ದಿರುತ್ತದೆ. ಆದರೆ ಯಾರಾದರೂ ತೀರ ಹತ್ತಿರ ಬಂದರೆ ಮೈತುಂಬ ಗಾಳಿ ತುಂಬಿಕೊಂಡು, ಆ ದೊಡ್ಡ ಮೂಗಿನ ಹೊಳ್ಳೆಗಳಿಂದ ಬುಸ್ಸೆಂದು ಬಿಡುತ್ತದೆ. ಕುಕ್ಕರಿನ ಸೀಟಿ ಕೂಗುವ ಮುಂಚಿನ ಸದ್ದಿನಂಥ ಸದ್ದು. ಹತ್ತು ಹೆಜ್ಜೆಗೆ ಕೇಳಿಸುತ್ತದೆ.

ಜೋಳ ಕೀಳುವ ಗುಂಪಿನಲ್ಲಿ ಮೊದಲ ಸಾಲಿನ ಹೆಂಗಸಿನ ಕೆಲಸ ಆ ಸದ್ದು ಹಿಡಿಯುವುದು. ಕೇಳಿಸಿದ ಕೂಡಲೆ ಅವಳು ಕುಡಗೋಲು ಎತ್ತಿ "ಐತಿ" ಅನ್ನಬೇಕು. ಅಷ್ಟೂ ಮಂದಿ ನಿಲ್ಲಬೇಕು. ಆ ಜಾಗದ ಸುತ್ತ ಒಂದು ಕಂಬಳಿ ಹಾಸುವಷ್ಟು ಜೋಳವನ್ನು ಕೀಳದೆ ಬಿಟ್ಟು ಮುಂದೆ ಹೋಗಬೇಕು. ಬಗ್ಗಿ ಇಣುಕಬಾರದು, ಕೋಲು ಹಾಕಿ ಕೆದಕಬಾರದು. ಅದು ಮಂಡಲದ ಪಾಲು. ಹೊಲದ ಧಣಿ ಅದಕ್ಕೆ ಎರಡು ಮಾತಾಡುತ್ತಿರಲಿಲ್ಲ. ಬಯಲಾದ ಹೊಲದಲ್ಲಿ ಆ ಒಂದು ಗುಂಪು ಜೋಳ ನಿಂತಿರುತ್ತಿತ್ತು. ಉಳಿದ ಇಲಿಗಳೆಲ್ಲ ಅದಕ್ಕೆ ಸೇರುತ್ತಿದ್ದವು, ಇಲಿ ಇರುವತನಕ ಹಾವೂ ಅಲ್ಲೇ ಇರುತ್ತಿತ್ತು. ಎಲ್ಲಿದೆ ಎಂದು ಊರಿಗೆಲ್ಲ ಗೊತ್ತಿರುತ್ತಿತ್ತು.

ಒಂಬತ್ತು ವರ್ಷದ ಹಿಂದೆ ಕಿವಿಗೂಟದ ಯೋಜನೆ ಬಂತು. ಹೊಲಹೊಲಕ್ಕೂ ನಲವತ್ತು ಹೆಜ್ಜೆಗೊಂದು ಗೂಟ, ತುದಿಗೆ ಸೋಲಾರ್ ತಗಡು, ಒಳಗೆ ಸದ್ದು ಕೇಳುವ ಯಂತ್ರ. ಮಂಡಲ ಬುಸ್ಸೆಂದರೆ ಗೂಟದ ದೀಪ ಕೆಂಪಾಗುತ್ತದೆ, ತಾಲೂಕು ಊರಿನ ಕೋಣೆಯ ಗೋಡೆಪರದೆಯ ಮೇಲೂ ಅದೇ ಜಾಗದಲ್ಲಿ ಕೆಂಪು ಚುಕ್ಕೆ. ಕಾಲುಗಂಟೆಯೊಳಗೆ ಮೋಟಾರ್ ಸೈಕಲ್ ಮೇಲೆ ಇಬ್ಬರು ಬಂದು ಹಾವನ್ನು ಹಿಡಿದು ದೂರದ ಕಾಡಿಗೆ ಸಾಗಿಸುತ್ತಾರೆ.

ಮೊದಮೊದಲು ಯಂತ್ರಕ್ಕೆ ಏನೂ ತಿಳಿಯುತ್ತಿರಲಿಲ್ಲ. ಎತ್ತು ಉಸಿರುಬಿಟ್ಟರೂ ಕೆಂಪು, ಟ್ರ್ಯಾಕ್ಟರಿನ ಗಾಲಿ ಗಾಳಿ ಬಿಟ್ಟರೂ ಕೆಂಪು. ಒಮ್ಮೆ ಹಿಡಿಯುವವರಿಬ್ಬರು ಕೊಕ್ಕೆ ಹಿಡಿದುಕೊಂಡು ತೋಟದ ಮನೆಯೊಂದರ ಅಡುಗೆಮನೆಗೆ ನುಗ್ಗಿ, ಕುಕ್ಕರಿನಲ್ಲಿ ಬೇಳೆ ಬೇಯಿಸುತ್ತಿದ್ದ ಮುದುಕಿಯಿಂದ ಬೈಸಿಕೊಂಡು ಬಂದರು. ಆಗ ಯಾರೋ ತಂಗೆವ್ವನ ಹೆಸರು ಹೇಳಿದರು. ನಾಲ್ಕು ತಿಂಗಳು ಅವಳು ಕಿವಿಗೆ ಹೆಡ್‌ಫೋನಿನ ಕರಿ ಡಬ್ಬಿ ಹಾಕಿಕೊಂಡು ಕೂತು ಹನ್ನೊಂದು ಸಾವಿರ ಸದ್ದು ಕೇಳಿದಳು. ಹೌದು, ಅಲ್ಲ. ಹೌದು, ಅಲ್ಲ. ಯಂತ್ರ ಕಲಿಯಿತು, ಅವಳು ಆ ಕೋಣೆಯಲ್ಲೇ ಪಗಾರಕ್ಕೆ ನಿಂತಳು. "ನಿಮ್ಮ ಕಿವೀನ ತಗೊಂಡು ಐದು ಲಕ್ಷ ಗೂಟಕ್ಕೆ ಹಚ್ಚಿದೀವಿ ಅಮ್ಮ," ಎಂದು ನಕ್ಕಿದ್ದರು ಯೋಜನೆಯ ವಿಜ್ಞಾನಿ ಇಂದುಧರ. ತುಮಕೂರು ಕಡೆಯವರು, ಹಾವಿನ ಮೇಲೇ ಓದಿದವರು.

ಆ ವರ್ಷದ ಸುಗ್ಗಿಯಲ್ಲೇ ತಂಗೆವ್ವ ಗುಂಪಿಗೆ ಹೇಳಿದಳು, ಇನ್ನು ಪಾಲು ಬಿಡುವುದು ಬೇಡ, ಹೇಗೂ ಹಿಡಿದುಕೊಂಡು ಹೋಗುತ್ತಾರೆ. ಸಾವಕ್ಕ ಒಬ್ಬಳೇ ಮುಖ ತಿರುವಿದ್ದಳು. ಕೆಂಪು ಚುಕ್ಕೆಗಳು ವರ್ಷದಿಂದ ವರ್ಷಕ್ಕೆ ಇಳಿದವು. ಹೋದ ಎರಡು ವರ್ಷ ಒಂದೂ ಇಲ್ಲ. ತಾಲೂಕು ಹಾವುಮುಕ್ತ ಎಂದು ಬೋರ್ಡು ಬಿತ್ತು. ಹೆಂಗಸರು ಬೂಟು ಬಿಟ್ಟರು, ಕೋಲಿನಿಂದ ನೆಲ ಬಡಿಯುವುದು ಬಿಟ್ಟರು.

"ಮಂಡಲ ಇಲ್ಲಂದ್ರ ಇಲಿ ಯಾಕ ಹೆಚ್ಚಾಗಿಲ್ಲಬೇ?" ಎಂದು ಸಾವಕ್ಕ ಒಮ್ಮೆ ಕೇಳಿದ್ದಳು.

"ನಿನಗ ಹೆದರಿ ಓಡಿ ಹೋಗಿರಬೇಕು," ಎಂದು ತಂಗೆವ್ವ ನಗಿಸಿದ್ದಳು.

*

ಮರುದಿನ ತಂಗೆವ್ವ ಆ ಕೋಣೆಗೆ ಹೋಗಿ ಕರಿ ಡಬ್ಬಿಗಳನ್ನು ಕಿವಿಗೆ ಹಾಕಿಕೊಂಡಳು. "ಅಣ್ಣಾರಾಯರ ಹೊಲದ ಗೂಟ ಹಚ್ರಿ ಸಾಹೇಬ್ರ. ನಿನ್ನೆ ಮುಂಜಾನೇದು."

ಇಂದುಧರ ಹಚ್ಚಿದರು. ಗಾಳಿ. ದಂಟಿಗೆ ದಂಟು ತಾಗುವ ಸದ್ದು. ದೂರದಲ್ಲೊಂದು ಕವುಜುಗ ಹಕ್ಕಿಯ ಕೂಗು. ಆಮೇಲೆ ಸಾವಕ್ಕನ ದನಿ: ಬಾಯಿ ಮರತ್ರ ಹೊತ್ತ ಹೋಗೂದು ಹೆಂಗ. ಮೀಸೆಯ ಮಾತು, ಡಬ್ಬಿಯ ಮಾತು, ನಗೆ. ನಗೆಯಲ್ಲಿ ತನ್ನದೇ ನಗೆ ಎಲ್ಲರಿಗಿಂತ ಜೋರು. ಆಮೇಲೆ, "ಯವ್ವಾ."

"ನನ್ನ ಕಿವಿ ಹೋಗೇತ್ರಿ," ಎಂದಳು ತಂಗೆವ್ವ. "ನನಗ ಬುಸ್ಸಂದಿದ್ದು ಕೇಳಿಸಲಿಲ್ಲ. ಈಗೂ ಕೇಳಿಸವಲ್ದು."

"ನಿಮ್ಮ ಕಿವಿ ಹೋಗಿಲ್ಲ ಅಮ್ಮ. ಅದು ಬುಸ್ ಅಂದೇ ಇಲ್ಲ." ಅವರು ಪರದೆಯ ಮೇಲೆ ಹಳೆಯ ವರ್ಷಗಳ ಚುಕ್ಕೆಗಳನ್ನು ತೆರೆದರು. ರಾತ್ರಿಯೆಲ್ಲ ಅದನ್ನೇ ನೋಡುತ್ತ ಕೂತವರ ಹಾಗೆ ಅವರ ಕಣ್ಣು ಕೆಂಪಗಿದ್ದವು. "ಮೊದಲನೇ ವರ್ಷ ಹಾವುಗಳು ಮನುಷ್ಯ ಆರಡಿ ದೂರ ಇರೋವಾಗಲೇ ಬುಸುಗುಟ್ಟಿವೆ. ನಾಲ್ಕನೇ ವರ್ಷ ಮೂರಡಿ. ಏಳನೇ ವರ್ಷ ಒಂದು ಗೇಣು. ಆಮೇಲೆ ಚುಕ್ಕೆ ಇಲ್ಲ. ಹಾವು ಖಾಲಿಯಾಯ್ತು ಅಂದ್ಕೊಂಡ್ವಿ. ಸದ್ದು ಖಾಲಿಯಾಗಿತ್ತು."

"ಅದಕ್ಕ ಗೂಟ ಐತಂತ ಗೊತ್ತಾತೇನ್ರಿ?"

"ಯಾವ ಹಾವಿಗೂ ಏನೂ ಗೊತ್ತಾಗಲಿಲ್ಲ. ಹತ್ತು ಹಾವಿದ್ರೆ ಎಂಟು ಬೇಗ ಬುಸುಗುಡ್ತವೆ, ಎರಡು ಸುಮ್ಮನೆ ಬಿದ್ದಿರ್ತವೆ, ಹುಟ್ಟುಗುಣ. ನಾವು ಆ ಎಂಟನ್ನ ಹಿಡ್ಕೊಂಡು ಹೋದ್ವಿ. ಉಳಿದ ಎರಡು ಮರಿ ಹಾಕಿದ್ವು. ಮಂಡಲ ಒಂದು ಸಲಕ್ಕೆ ಇಪ್ಪತ್ತು ಮೂವತ್ತು ಮರಿ ಹಾಕುತ್ತೆ, ಆ ಮರಿ ಎರಡು ಮೂರು ವರ್ಷಕ್ಕೆ ತಾಯಾಗುತ್ತೆ. ಒಂಬತ್ತು ವರ್ಷ ಅಂದ್ರೆ ಮೂರು ತಲೆಮಾರು. ಬುಸುಗುಡೋ ಹಾವಿಗೆ ನಿಮ್ಮ ಹೊಲದಲ್ಲಿ ಬದುಕಿಲ್ಲ, ಸುಮ್ಮನಿರೋದಕ್ಕೆ ಬದುಕಿದೆ. ಅಷ್ಟೇ ನಡೆದಿದ್ದು."

ತಂಗೆವ್ವ ಕರಿ ಡಬ್ಬಿಗಳನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಹನ್ನೊಂದು ಸಾವಿರ ಸಲ ಹೌದು, ಅಲ್ಲ ಎಂದದ್ದು ಅವಳ ಬಾಯಿ.

"ಈ ಸುಗ್ಗೀಲಿ ತಾಲೂಕಿನಲ್ಲಿ ನಾಲ್ಕು ಜನಕ್ಕೆ ಕಚ್ಚಿದೆ, ಒಬ್ಬರು ಹೋದ್ರು," ಎಂದರು ಇಂದುಧರ. "ಬೇರೆ ಏನಾದರೂ ಗುರುತು ಬೇಕು ಅಮ್ಮ. ಯಂತ್ರಕ್ಕೆ ನಾನೂ ಸಾವಿರ ಸಲ ಕೇಳಿಸಿದೆ, ಅದು ಏನೂ ಇಲ್ಲ ಅನ್ನುತ್ತೆ. ನೀವು ಕೇಳಿ."

ಸಂಜೆಯವರೆಗೆ ಕೇಳಿದಳು. ಗಾಳಿ, ನಗೆ, ಯವ್ವಾ. ಗಾಳಿ, ನಗೆ, ಯವ್ವಾ.

*

ಮೂರು ದಿನದಲ್ಲಿ ಸಾವಕ್ಕನ ಮೂತ್ರ ನಿಂತು ಜಿಲ್ಲಾ ಆಸ್ಪತ್ರೆಗೆ ಸಾಗಿಸಿದ್ದರು. ರಕ್ತ ಸೋಸುವ ಯಂತ್ರದ ಪಕ್ಕದಲ್ಲಿ ಅವಳು ಮೈ ಬಾತು ಮಲಗಿದ್ದಳು. ಕೈ ಮೊಣಕೈತನಕ ಕಪ್ಪಾಗಿತ್ತು, ಎರಡು ಬೆರಳು ತೆಗೆದಿದ್ದರು. ತಲೆಯ ಹತ್ತಿರ ಮಗಳು ಸುನಂದಾ ಕೂತಿದ್ದಳು.

"ಬಂದೇನಬೇ, ಮೊದಲ ಸಾಲಿನಾಕಿ," ಎಂದಳು ಸಾವಕ್ಕ. ದನಿ ಸೋತಿತ್ತು, ಚುಚ್ಚು ಸೋತಿರಲಿಲ್ಲ. "ಒಂಬತ್ತು ಸುಗ್ಗಿ ಪಾಲ ಉಳಿಸಿಕೊಂಡ್ವಿ. ಒಂದ ಸಲಕ್ಕ ವಸೂಲ ಮಾಡ್ತು ನೋಡು. ನಿನ್ನ ಪಾಲೂ ನನ್ನ ಕೈಯಾಗಿಂದ."

ಸುನಂದಾ ನಗಲಿಲ್ಲ. "ತಂಗೆವ್ವ ಚಿಗವ್ವಾ, ಸಾಹೇಬ್ರು ನಿನಗ ಮತ್ತ ಕೇಳಾಕ ಹೇಳ್ಯಾರಂತಲ್ಲ. ಏನರ ಸಿಕ್ತಿಲ್ಲೋ? ಎಲ್ಲಾ ಹಾವೂ ಹಿಡಸು. ಒಂದೂ ಬಿಡಬ್ಯಾಡ."

ಅಷ್ಟರಲ್ಲಿ ನರ್ಸಮ್ಮ ಬಂದು ಕೈಯ ಕಟ್ಟು ಬಿಚ್ಚತೊಡಗಿದಳು. ಒಣಗಿದ ಬಟ್ಟೆ ಮಾಂಸಕ್ಕೆ ಅಂಟಿತ್ತು. ಸಾವಕ್ಕ ಕೂಗಲಿಲ್ಲ. ಮಗಳೆದುರು ಕೂಗಬಾರದೆಂದು ಎದೆತುಂಬ ಉಸಿರೆಳೆದು ಹಾಗೇ ಹಿಡಿದುಕೊಂಡಳು. ಅವಳ ಬೆನ್ನಡಿಯ ಪ್ಲಾಸ್ಟಿಕ್ ಹಾಳೆ ಕಿರ್ ಎಂದಿತು. ಸಣ್ಣ ಸದ್ದು.

ತಂಗೆವ್ವ ಬಗ್ಗಿ ಆ ಹಾಳೆಯ ಹತ್ತಿರ ಕಿವಿ ತಂದಳು.

ಮರುದಿನ ಮುಂಜಾನೆಯ ಬಸ್ಸಿಗೆ ಅವಳು ಕೋಣೆಗೆ ಹೋದಳು. ಈ ಸಲ ಬುಸ್ಸೆನ್ನುವುದನ್ನು ಹುಡುಕಲಿಲ್ಲ. ನಗೆಯ ಕೆಳಗೆ, ಗಾಳಿಯ ಕೆಳಗೆ ಕಿವಿಯಿಟ್ಟಳು. ಗಾಳಿ ಬೀಸುವಾಗ ರವದಿ ಮೇಲಿಂದ ಸದ್ದು ಮಾಡುತ್ತದೆ. ಮೀಸೆಬಣ್ಣದ ಡಬ್ಬಿಯ ಮಾತಿಗೂ ಯವ್ವಾ ಎಂಬುದಕ್ಕೂ ನಡುವೆ, ಗಾಳಿ ನಿಂತ ಹೊತ್ತಿನಲ್ಲಿ, ರವದಿ ಕೆಳಗಿನಿಂದ ಸದ್ದು ಮಾಡಿತ್ತು. ಯಾವುದೋ ಮೈ ನಿಧಾನಕ್ಕೆ ಉಬ್ಬಿ ಒಣಗರಿಯನ್ನು ಮೇಲೆತ್ತಿದ ಹಾಗೆ. ಅದು ಉಸಿರು ತುಂಬಿಕೊಂಡಿತ್ತು, ಹೊರಗೆ ಬಿಟ್ಟಿರಲಿಲ್ಲ.

ಅವಳ ಮುಖ ನೋಡಿಯೇ ಇಂದುಧರ ಕುರ್ಚಿ ಹತ್ತಿರ ಎಳೆದುಕೊಂಡರು. "ಕೇಳಿಸ್ತಾ ಅಮ್ಮ?"

"ಕೇಳಿಸ್ತರಿ."

"ಎಲ್ಲಿ? ತೋರಿಸಿ."

ಅವಳು ಡಬ್ಬಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ಇದನ್ನ ಯಂತ್ರಕ್ಕ ಕಲಿಸಿದ್ರ ಏನಾಕ್ಕೈತ್ರಿ?"

"ಮೂರು ನಾಲ್ಕು ವರ್ಷ ಚೆನ್ನಾಗಿ ಹಿಡೀಬಹುದು."

"ಆಮ್ಯಾಲ?"

ಇಂದುಧರ ಪರದೆಯ ಹಳೆಯ ಚುಕ್ಕೆಗಳ ಕಡೆ ನೋಡಿದರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ. "ಆಮೇಲೆ ಈ ಸದ್ದನ್ನೂ ಮಾಡದೇ ಇರೋವು ಉಳೀತವೆ."

"ಆವಾಗ ನನ್ನ ಕಿವಿಗೂ ಸಿಗೂದಿಲ್ಲ. ಯಾರ ಕಿವಿಗೂ ಸಿಗೂದಿಲ್ಲ. ಬರೇ ಹಲ್ಲ ಉಳೀತೈತಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಹಿಂಗ ಮಾಡ್ರಿ. ಗೂಟ ಕೇಳ್ಲಿ, ದೀಪ ಕೆಂಪ ಆಗ್ಲಿ. ಮಂದಿ ದೂರ ಸರದ ಹೋಗ್ಲಿ. ಹಾವ ಹಿಡಕೊಂಡ ಹೋಗೂದು ಬ್ಯಾಡ. ಇಷ್ಟಕ್ಕ ಒಪ್ಪಿದ್ರ ಈಗ ತೋರಸ್ತೀನಿ."

"ನನಗಿರೋ ಆದೇಶ ಹಿಡಿಯೋದಕ್ಕೆ ಅಮ್ಮ. ಬಿಡೋದಕ್ಕಲ್ಲ. ಹೆಣ ಬಿದ್ದಿದೆ, ಈಗ ಹಾವನ್ನ ಹೊಲದಲ್ಲೇ ಬಿಡಿ ಅಂತ ಮೇಲಿನವರಿಗೆ ಯಾವ ಬಾಯಲ್ಲಿ ಹೇಳಲಿ?"

"ಹಂಗಾರ ನಾ ಹೇಳೂದಿಲ್ರಿ."

"ಆ ಮೂರು ನಾಲ್ಕು ವರ್ಷದಲ್ಲಿ ಎಷ್ಟು ಜನ ಉಳೀಬಹುದಿತ್ತು ಅನ್ನೋದನ್ನೂ ಯೋಚನೆ ಮಾಡಿ. ಅವರಿಗೆ ನೀವೇನು ಹೇಳ್ತೀರಿ?"

ಈ ಮಾತು ನಾಟಿತು. ಬಾಗಿಲತನಕ ಹೋಗಿ ನಿಂತಳು. "ಎಷ್ಟ ಊರಿಗೆ ನನ್ನ ಕಾಲ ಹೋಗ್ತಾವೋ ಅಷ್ಟ ಊರಾಗ ಹೆಂಗಸರಿಗೆ ಕಲಸ್ತೀನ್ರಿ. ಯಂತ್ರಕ್ಕ ಮಾತ್ರ ಇಲ್ಲ. ನಾಳಿಂದ ಕೆಲಸಕ್ಕ ಬರೂದಿಲ್ಲ."

*

ಅಣ್ಣಾರಾಯನ ಹೊಲದಲ್ಲಿ ಇನ್ನು ಎರಡೆಕರೆ ಉಳಿದಿತ್ತು. ತಂಗೆವ್ವ ಮೊದಲ ಸಾಲು ಹಿಡಿದಳು. ಪಕ್ಕದ ಸಾಲಿಗೆ ಯಾರೂ ಬರಲು ಒಪ್ಪಿರಲಿಲ್ಲ. ಹೊತ್ತು ಮೂಡುವಾಗ ಸುನಂದಾ ಬಂದಳು, ಕಾಲಿಗೆ ಗಂಡನ ಬೂಟು, ಕೈಯಲ್ಲಿ ಅವ್ವನ ಕುಡಗೋಲು. "ಅವ್ವನ ಸಾಲ ಖಾಲಿ ಇರಬಾರದಂತ ಅಕಿನ ಕಳಿಸ್ಯಾಳ," ಎಂದಳು. ತಂಗೆವ್ವನ ಮುಖ ನೋಡಲಿಲ್ಲ. ಕೋಣೆಯಲ್ಲಿ ನಡೆದದ್ದು ಅವಳಿಗೆ ತಲುಪಿತ್ತು.

ಆವತ್ತು ಮೀಸೆಯ ಮಾತಿಲ್ಲ, ನಗೆಯಿಲ್ಲ. ಬುತ್ತಿ ಬಿಚ್ಚಿ ರೊಟ್ಟಿ ತಿಂದು ಮತ್ತೆ ಇಳಿದರು. ಇಳಿಹೊತ್ತಿಗೆ ಗಾಳಿ ಬಿದ್ದುಹೋಯಿತು. ಸುನಂದಾ ದಂಟಿನ ಬುಡಕ್ಕೆ ಕೈ ಚಾಚಿದಳು.

"ಐತಿ," ಎಂದಳು ತಂಗೆವ್ವ. ಅವಳ ಕುಡಗೋಲು ಮೇಲಿತ್ತು.

ಒಂಬತ್ತು ವರ್ಷದ ಮೇಲೆ ಕೇಳಿದ ಮಾತು. ಹಿರಿಯರು ನಿಂತರು, ಕಿರಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಸುನಂದಾ ಗೂಟದ ಕಡೆ ನೋಡಿದಳು. "ದೀಪ ಹಸರ ಐತಿ. ನನಗ ಏನೂ ಕೇಳಿಸಲಿಲ್ಲ."

"ಅಲ್ಲೇ ನಿಂದರು. ಕೈ ಹಿಂದಕ ತಗೀ. ಉಸರ ಬಿಗಿ ಹಿಡಿ." ತಂಗೆವ್ವ ಅವಳ ಮಣಿಕಟ್ಟು ಹಿಡಿದುಕೊಂಡಳು. "ಗಾಳಿ ಇಲ್ಲ. ಆದ್ರೂ ರವದಿ ಮಾತಾಡಾಕತ್ತೈತಿ, ಕೆಳಗಿಂದ. ಕೇಳು."

ನಿಂತರು. ಹುಡುಗಿಯ ನಾಡಿ ತಂಗೆವ್ವನ ಬೆರಳಿನಡಿ ಬಡಿದುಕೊಳ್ಳುತ್ತಿತ್ತು. ಬಹಳ ಹೊತ್ತಿನ ಮೇಲೆ ಆ ಮಣಿಕಟ್ಟಿನ ರೋಮ ಎದ್ದವು.

"ಹೂಂ," ಎಂದಳು ಸುನಂದಾ.

ತಂಗೆವ್ವ ಕಂಬಳಿಯ ಅಳತೆಗೆ ಸುತ್ತ ಹೆಜ್ಜೆ ಹಾಕಿ ಗೆರೆ ಎಳೆದಳು. ಹನ್ನೊಂದು ಸಾಲೂ ಅದನ್ನು ಬಳಸಿಕೊಂಡು ಮುಂದೆ ಹೋದವು. ಯಾರೂ ಬಗ್ಗಿ ಇಣುಕಲಿಲ್ಲ.

ಹೊತ್ತು ಮುಳುಗುವಾಗ ಅಣ್ಣಾರಾಯ ಬಂದ. "ಇದೇನಬೇ ನಡುವ ಬಿಟ್ಟೀರಿ? ಹಾವ ಇದ್ರ ಹಿಡಿಯವರನ್ನ ಕರಸೂಣು. ಇಲ್ಲಂದ್ರ ಕೀಳ್ರಿ. ಗೂಟ ನೋಡಿದ್ರ ಹಸರ ಐತಿ."

ತಂಗೆವ್ವ ಬಾಯಿ ತೆರೆಯುವುದರೊಳಗೆ ಸುನಂದಾ ಮಾತಾಡಿದಳು. "ನಮ್ಮವ್ವನ ಕೈ ಈ ಹೊಲದಾಗ ಹೋಗೇತ್ರಿ ಅಣ್ಣಾರ. ಇಷ್ಟು ಬಿಡ್ರಿ."

ಅಣ್ಣಾರಾಯ ಬಣ್ಣ ಹಚ್ಚಿದ ಮೀಸೆ ಮುಟ್ಟಿಕೊಂಡು ಜೀಪಿನ ಕಡೆ ತಿರುಗಿದ.

ಹೆಂಗಸರು ಗಂಟು ಹೊತ್ತು ಬದು ಹತ್ತಿದರು. ಬೋಳಾದ ಕರಿ ನೆಲದ ನಡುವೆ ಒಂದು ಕಂಬಳಿಯಷ್ಟು ಜೋಳ ನಿಂತಿತ್ತು, ಅದರ ಪಕ್ಕದಲ್ಲಿ ಏನೂ ಇಲ್ಲ ಎನ್ನುತ್ತ ಹಸಿರು ದೀಪ.

"ಚಿಗವ್ವಾ," ಎಂದಳು ಸುನಂದಾ, ಹಿಂದೆ ನೋಡುತ್ತ. ಆವತ್ತು ಅವಳು ಹಾಗೆ ಕರೆದದ್ದು ಮೊದಲ ಸಲ. "ಇದರಿಂದ ಅದರ ಬಾಕಿ ತೀರ್ತೇನು?"

"ಇದು ಈ ಸುಗ್ಗೀದು," ಎಂದಳು ತಂಗೆವ್ವ. "ಹಿಂದಿನವು ಹಂಗ ಅದಾವು."